ಬಾಳೆಕಾಯಿ ಪೆಟ್ಟಿಗೆಯಲ್ಲಿ ಬಂದವಳು

ಸೇಂಟ್ ಜಾನ್ಸ್, ಆಂಟಿಗುವಾ
ಫೆಬ್ರವರಿ ೪, ೨೦೧೯

ಅಮ್ಮಾ,

ಬಂದು ಇಳಿದು ಒಂಬತ್ತು ದಿನವಾಯಿತು. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಜಗಳವೇ ಆಗುವುದು, ಕಾಗದವಾದರೆ ಒಬ್ಬರ ಮಾತನ್ನು ಇನ್ನೊಬ್ಬರು ಕೊನೆಯವರೆಗೆ ಕೇಳಲೇಬೇಕು ಎಂದು ನೀನೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಕಪ್ತಾನ್ ಸೆಫಿರಿನ್ ವಾರಕ್ಕೊಮ್ಮೆ ನಮ್ಮ ಪೋರ್ಟ್ಸ್‌ಮತ್‌ಗೂ ಇಲ್ಲಿಗೂ ದೋಣಿ ನಡೆಸುತ್ತಾನಲ್ಲ, ಅವನ ಕೈಗೆ ಕೊಟ್ಟರೆ ಅಂಚೆಗಿಂತ ಬೇಗ ತಲುಪುತ್ತದೆ. ನೀನು ಸಮುದ್ರ ದಾಟಿದವಳಲ್ಲ, ಆದ್ದರಿಂದ ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ.

ಮೊದಲ ದಿನವೇ ನಮ್ಮ ಮೂವರನ್ನೂ ಒಂದು ದೊಡ್ಡ ಹೋಟೆಲಿನ ಅಡುಗೆಮನೆಗೆ ಕರೆದೊಯ್ದರು. ನಮ್ಮೂರ ಚರ್ಚು ಗಂಟೆಗೋಪುರದ ಸಮೇತ ಅದರೊಳಗೆ ಕೂರಬಹುದು. ಹಿಂದೆ ಒಂದು ತಣ್ಣನೆಯ ಕೋಣೆ. ಬಾಗಿಲು ತೆರೆದರೆ ಗೆಣಸು, ಶುಂಠಿ, ನಿಂಬೆ, ಅನಾನಸು ಚಾವಣಿಯವರೆಗೆ ಪೇರಿಸಿತ್ತು. ಪೆಟ್ಟಿಗೆಗಳ ಮೇಲೆ ಬರೆದ ಊರುಗಳಲ್ಲಿ ಒಂದೂ ನಮ್ಮ ಕಡಲಿನದಲ್ಲ. ಶುಂಠಿಯಂತೂ ಭೂಮಿಯ ಆ ಬದಿಯಿಂದ ಬಂದಿತ್ತು. ಜಾವೆಲ್ ಒಂದು ತುಂಡು ಎತ್ತಿ ಮೂಸಿ, "ಇದು ನನಗಿಂತ ಜಾಸ್ತಿ ದೇಶ ಸುತ್ತಿದೆ" ಎಂದ. ಅವನು ಸೇಂಟ್ ವಿನ್ಸೆಂಟ್‌ನವನು. ಅವನ ಅಪ್ಪ ಬೆಳೆದ ಶುಂಠಿ ಕೊಳ್ಳುವವರಿಲ್ಲದೆ ಇನ್ನೂ ನೆಲದಲ್ಲೇ ಇದೆ.

ಜಾವೆಲ್‌ಗೆ ತಂಪುಕೋಣೆ, ಯಂತ್ರಗಳ ವಿದ್ಯೆ ಗೊತ್ತು. ಗ್ವಾಡೆಲೂಪ್‌ನ ಲೂಸೆಟ್‌ಗೆ ಹಡಗಿನ ಕಾಗದಪತ್ರ ಗೊತ್ತು, ಮೂರು ಭಾಷೆ ಬರುತ್ತದೆ. ನನಗೆ ಗೊತ್ತಿರುವುದು ಮಣ್ಣು, ಅದೂ ನಿನ್ನಿಂದ. ನಮ್ಮ ಕಂಪೆನಿಗೆ 'ಒಂದೇ ದಂಡೆ' ಎಂದು ಹೆಸರಿಟ್ಟಿದ್ದೇವೆ. ಮಾರ್ಚ್ ಒಂದರಿಂದ ಆರು ಶುಕ್ರವಾರ ತಪ್ಪದೆ ಒಳ್ಳೆಯ ಸರಕು ಒಪ್ಪಿಸಿದರೆ ಹೋಟೆಲಿನವರು ಇಡೀ ವರ್ಷಕ್ಕೆ ಒಪ್ಪುತ್ತಾರೆ. ನಿನ್ನ ಪರಿಚಯದ ಮೂವತ್ತು ಮನೆಯವರು ನಮಗೆ ಕೆಸುವಿನ ಗಡ್ಡೆ ಕೊಡುವಂತೆ ನೀನು ಮಾತಾಡಬೇಕು. ಈ ದ್ವೀಪಗಳನ್ನು ಒಂದಕ್ಕೊಂದು ಕಟ್ಟುವ ಕೆಲಸಕ್ಕೆ ಕೈಹಾಕಿದವರಲ್ಲಿ ನಾವೇ ಮೊದಲಿಗರು, ಅಮ್ಮಾ. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ.

ಹೊರಡುವ ದಿನ ನೀನು ಒಂದು ಮಾತು ಹೇಳಿದೆ. "ಅಲ್ಲಿ ಏನ್ ಬೇಕಾದ್ರೂ ಮಾಡು, ಮಾರ್ಕೆಟ್ಟಿಗೆ ಮಾತ್ರ ಕಾಲಿಡ್ಬೇಡ." ಏಕೆಂದು ಕೇಳಿದರೆ ಪಾತ್ರೆ ಉಜ್ಜತೊಡಗಿದೆ. ಕಾಲಿಟ್ಟಿಲ್ಲ. ನಮಗೆ ಅಲ್ಲಿ ಕೆಲಸವೂ ಇಲ್ಲ.

ನಿನ್ನ ಮಾತು ಕೇಳುವ (ಈ ಒಂದು ಸಲವಾದರೂ)
ಮರ್ನೆಲ್


ಪೋರ್ಟ್ಸ್‌ಮತ್, ಡೊಮಿನಿಕಾ
ಫೆಬ್ರವರಿ ೧೩, ೨೦೧೯

ಮರ್ನೆಲ್,

ಪತ್ರ ಬಂತು. ಉಪ್ಪುಮೀನಿನ ವಾಸನೆ ಹೊಡೆಯುತ್ತಿತ್ತು, ಸೆಫಿರಿನ್ ಅದನ್ನು ಎಲ್ಲಿಟ್ಟಿದ್ದನೋ.

ಶನಿವಾರ ದಂಡೆಯ ಬಾದಾಮಿ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ ನಿನ್ನ ವಿಷಯ ಹೇಳಿದೆ. ಬೆಟ್ಟದ ಮೇಲಿನ ಫಿಲ್ಬರ್ಟ್ ಮೊದಲು ಬಾಯಿ ತೆಗೆದ. "ಕಂಪೆನಿ ಅಂದ್ರೆ ಏನು ಡಾಕ್ಸಿ, ನನ್ನ ಗಡ್ಡೆಗೆ ಪ್ಯಾಂಟು ಶರ್ಟು ಹಾಕಿ ಕಳಿಸ್ತಾರಾ?" ಎಲ್ಲರೂ ನಕ್ಕರು. ನಕ್ಕ ಮೇಲೆ ಒಪ್ಪಿದರು. ೨೦೧೭ರ ಚಂಡಮಾರುತದಲ್ಲಿ ದೀವಿಹಲಸಿನ ಮರಗಳೆಲ್ಲ ಹೋದವು, ಕೈಯಲ್ಲಿ ಇರುವುದು ಗಡ್ಡೆಯೊಂದೇ, ಒಪ್ಪದೆ ಏನು ಮಾಡುತ್ತಾರೆ.

ನಗದೆ ಕೂತವರು ದೋಣಿ ವ್ಯಾಪಾರದ ಹೆಂಗಸರು. ಒಂಬತ್ತು ಜನ ಇನ್ನೂ ಸೆಫಿರಿನ್‌ನ ದೋಣಿಯಲ್ಲಿ ಮೂಟೆಗಳ ಮೇಲೆ ಕೂತು ಹೋಗಿ, ದ್ವೀಪ ದ್ವೀಪದಲ್ಲಿ ಮಾರಿ ಬರುತ್ತಾರೆ. ಅವರಲ್ಲಿ ಹಿರಿಯಳು ಓರೆಲಿ. ನಿನ್ನನ್ನು ಎತ್ತಿ ಆಡಿಸಿದವಳು. ಅವಳು ಕೇಳಿದಳು, "ಎಲ್ಲ ಸರಕೂ ಕಂಪೆನಿ ಕಳಿಸಿದ್ರೆ, ದೋಣೀಲಿ ನಾವು ಕೂರೋ ಜಾಗ ಯಾವ್ದು?" ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಬರೆ. ನೀವೇ ಮೊದಲಿಗರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಅವಳಿಗೆ ಓದಿ ಹೇಳಲಿಲ್ಲ.

ನಿನ್ನ ಜಾವೆಲ್ ಬಂದಿದ್ದ. ಕಡ್ಡಿಯಂಥ ಹುಡುಗ, ಮೂರು ಬಟ್ಟಲು ಮೀನಿನ ಸಾರು ಕುಡಿದ. ಗಡ್ಡೆ ತೊಳೆಯುವ ಯಂತ್ರ ತರಿಸುತ್ತಾನಂತೆ. ನಾನು ಅವನಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಕೆಸುವಿನ ಗಡ್ಡೆಗೆ ನೀರು ತಾಕಿಸಬೇಡಿ. ಮಣ್ಣನ್ನು ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ತೆಗೆಯಬೇಕು, ನೆರಳಲ್ಲಿ ಎರಡು ದಿನ ಹರಡಬೇಕು, ಆಮೇಲೆ ಒಣ ಬಾಳೆಲೆ. ಸಮುದ್ರದ ಮೇಲೆ ಒದ್ದೆ ಗಡ್ಡೆ ಜೀವ ಹಿಡಿಯುವುದಿಲ್ಲ.

ಮಾರುಕಟ್ಟೆಯ ವಿಷಯದಲ್ಲಿ ಹೇಳಿದ ಮಾತಿಗೆ ಬದ್ಧಳಾಗಿರು.

ಊಟ ಬಿಡಬೇಡ.
ಅಮ್ಮ


ಸೇಂಟ್ ಜಾನ್ಸ್
ಮಾರ್ಚ್ ೧೮, ೨೦೧೯

ಅಮ್ಮಾ,

ನೀನು ಬೇಡ ಎಂದಿದ್ದನ್ನು ಮಾಡಿದ್ದೇನೆ. ಎರಡನ್ನೂ.

ಮೊದಲೆರಡು ಶುಕ್ರವಾರ ಸರಕು ಕಡಿಮೆ ಇತ್ತು, ಹೇಗೋ ದಾಟಿತು. ಮೂರನೆಯ ವಾರಕ್ಕೆ ಪೋರ್ಟ್ಸ್‌ಮತ್‌ನ ನಮ್ಮ ಷೆಡ್ಡಿಗೆ ಯಂತ್ರ ಬಂತು. ಜಾವೆಲ್ ನಗುತ್ತಾ, "ನಿಮ್ಮಮ್ಮ ಗಡ್ಡೆಗೆ ಸ್ನಾನ ಮಾಡಿಸ್ಬೇಡ ಅಂದ್ರು" ಎಂದ. ನಾನೂ ನಕ್ಕೆ. ನಿನ್ನ ಪತ್ರ ನನ್ನ ಚೀಲದಲ್ಲೇ ಇತ್ತು. ನೀರಿನಲ್ಲಿ ಚೊಕ್ಕವಾಗಿ ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ನೂರಿಪ್ಪತ್ತು ಪೆಟ್ಟಿಗೆ ತುಂಬಿ ಅಲ್ಲಿಯ ಕೆಲಸದವರು ಕಳಿಸಿದರು. ಹೋಟೆಲಿನವರ ಮುಂದೆ ಮೊದಲ ಪೆಟ್ಟಿಗೆ ಒಡೆದಾಗ ವಾಸನೆ ತಡೆಯಲಾರದೆ ಲೂಸೆಟ್ ಆಚೆ ಓಡಿದಳು. ಅಡುಗೆಯ ಮುಖ್ಯಸ್ಥ ಒಂದು ಕೆಟ್ಟ ಮಾತೂ ಆಡಲಿಲ್ಲ. ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದಷ್ಟೇ ಹೇಳಿ ಒಳಗೆ ಹೋದ. ಜಾವೆಲ್ ಪೆಟ್ಟಿಗೆಯ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ.

ಅರ್ಧದಷ್ಟು ಗಡ್ಡೆಗೆ ಇನ್ನೂ ಜೀವವಿತ್ತು. ಮಾರಲು ಇನ್ನೆಲ್ಲೂ ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಲಾರಿ ಹತ್ತಿಸಿ ಮಾರುಕಟ್ಟೆಗೆ ಒಯ್ದೆ.

ಬಾಗಿಲ ಹತ್ತಿರವೇ ಬೆಂಡೆಕಾಯಿ ರಾಶಿಯ ಹಿಂದೆ ಹುಲ್ಲಿನ ಟೋಪಿ ಹಾಕಿದ ಮುದುಕಿಯೊಬ್ಬಳು ಕೂತಿದ್ದಳು. ಆರ್ಡೆಲ್ಲಾ ಎಂದು ಹೆಸರು, ಅಲ್ಲಿಯ ಹೆಂಗಸರಿಗೆಲ್ಲ ದೊಡ್ಡವಳು. ನಾನು ಕಂಪೆನಿಯ ಹೆಸರು ಹೇಳಿ, ದ್ವೀಪಗಳ ನಡುವಿನ ಸಹಕಾರ ಎಂದೆಲ್ಲ ಶುರುಮಾಡಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ನನ್ನ ಹಣೆ ನೋಡುತ್ತಿದ್ದಳು.

"ಯಾವ ಊರು?"

"ಡೊಮಿನಿಕಾ. ಪೋರ್ಟ್ಸ್‌ಮತ್."

"ಅಮ್ಮನ ಹೆಸರು?"

"ಯುಡೋಕ್ಸಿಯಾ ವಾಲ್ಮಂಡ್."

ಅವಳು ಕೈಯಲ್ಲಿದ್ದ ಬೆಂಡೆಕಾಯಿಯನ್ನು ಕೆಳಗಿಟ್ಟಳು. ದನಿ ಏರಿಸದೆ ಹಿಂದಕ್ಕೆ ತಿರುಗಿ ಯಾರಿಗೋ ಹೇಳಿದಳು, "ಬನ್ರೇ. ಡಾಕ್ಸಿ ಮಗಳು ಬಂದಿದ್ದಾಳೆ." ಒಬ್ಬಳು ಬಂದಳು, ಇನ್ನೊಬ್ಬಳು, ಮತ್ತೆ ಇಬ್ಬರು. ಅಂಗಡಿಗಳನ್ನು ಹಾಗೇ ಬಿಟ್ಟು ಬಂದರು ಅಮ್ಮಾ, ಶನಿವಾರದ ಗಿರಾಕಿಗಳ ನಡುವೆ. ಒಬ್ಬೊಬ್ಬಳೂ ನನ್ನ ತಲೆಯ ಮೇಲೆ ಕೈಯಿಟ್ಟು ನೋಡಿದಳು, ಹಣ್ಣಾಗಿದೆಯೋ ಇಲ್ಲವೋ ನೋಡುವ ಹಾಗೆ.

ಆರ್ಡೆಲ್ಲಾ ತನ್ನ ಮೇಜಿನ ಕಾಲನ್ನು ತಟ್ಟಿದಳು. "ಇದರ ಕೆಳಗೆ ಮಲಗಿದ್ದವಳು ನೀನು. ಬಾಳೆಕಾಯಿ ಪೆಟ್ಟಿಗೇಲಿ ತರ್ತಿದ್ಲು ನಿಮ್ಮಮ್ಮ. ಕಾಲು ಆಚೆ ಚಾಚ್ಕೊಂಡಿರ್ತಿದ್ದೆ, ಗಿರಾಕಿಗಳು ಎಡವ್ತಿದ್ರು."

ಆಮೇಲೆ ನನ್ನ ಪೆಟ್ಟಿಗೆಗಳನ್ನು ನೋಡಿ ಅವಳು ನಿಟ್ಟುಸಿರಿಟ್ಟಳು. ಐವರೂ ಚಾಕು ಹಿಡಿದು ಕೂತರು. ಕೊಳೆತದ್ದನ್ನು ಕೊಯ್ದು, ಕೊಯ್ದ ಜಾಗಕ್ಕೆ ಬೂದಿ ಒತ್ತಿ, ಗೋಣಿಯ ಮೇಲೆ ಹರಡಿ, ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಮಾರಿ ಮುಗಿಸಿದರು. ನಾನು ಮೂಟೆ ಹೊರುವುದಷ್ಟೇ ಮಾಡಿದೆ.

ನೀನು ಒಂಬತ್ತು ವರ್ಷ ಈ ಸಮುದ್ರ ದಾಟಿದೆಯಂತೆ. ನಾನು ನಿನಗೆ ಸಮುದ್ರವನ್ನು ವಿವರಿಸಿ ಬರೆದಿದ್ದೆ. ಏಕೆ ನಿಲ್ಲಿಸಿದೆ, ಏಕೆ ನನಗೆ ಹೇಳಲಿಲ್ಲ ಎಂದು ಆರ್ಡೆಲ್ಲಾಳನ್ನು ಕೇಳಿದರೆ, "ಅದು ಅವಳ ಮಾತು. ನಾನು ಆಡಲ್ಲ" ಎಂದಳು.

ನೀನೇ ಹೇಳು.
ಮರ್ನೆಲ್


ಸೇಂಟ್ ಜಾನ್ಸ್
ಏಪ್ರಿಲ್ ೧, ೨೦೧೯

ಅಮ್ಮಾ,

ಸೆಫಿರಿನ್ ಎರಡು ಸಲ ಬಂದ. ಎರಡು ಸಲವೂ ಸರಕು ಬಂತು, ನಿನ್ನ ಪತ್ರ ಬರಲಿಲ್ಲ.

ಪೆಟ್ಟಿಗೆ ತೆರೆದರೆ ಒಂದೊಂದು ಗಡ್ಡೆಯೂ ಬೇರೆ ಬೇರೆಯಾಗಿ ಒಣ ಬಾಳೆಲೆಯಲ್ಲಿ ಸುತ್ತಿತ್ತು. ಉಜ್ಜಿದ್ದು ತೆಂಗಿನ ಸಿಪ್ಪೆಯಲ್ಲಿ. ಯಂತ್ರ ಬಂದ ಮೇಲೆ ಕಾಲಿಡದಿದ್ದ ನಮ್ಮ ಷೆಡ್ಡಿಗೆ ನೀನೇ ಬಂದೆಯಂತೆ, ಓರೆಲಿಯನ್ನೂ ಉಳಿದ ಎಂಟು ಜನರನ್ನೂ ಕರೆದುಕೊಂಡು. ಯಂತ್ರದ ಮೇಲೆ ಬಟ್ಟೆ ಒಣಗಿಸಿದ್ದೀರಂತೆ. ಸೆಫಿರಿನ್ ಹೇಳಿದ.

ನಾಲ್ಕನೆಯ ಶುಕ್ರವಾರವೂ ಐದನೆಯದೂ ದಾಟಿದವು. ಹೋಟೆಲಿನ ಮುಖ್ಯಸ್ಥ ಒಂದು ಗಡ್ಡೆಯನ್ನು ಕೈಯಲ್ಲಿ ತೂಗಿ, ಇದನ್ನು ಯಾರು ಕಟ್ಟಿದರು ಎಂದು ಕೇಳಿದ. ಹೇಳಿದೆ.

ನಾನು ಕಾಯುತ್ತಿದ್ದೇನೆ.
ಮರ್ನೆಲ್


ಪೋರ್ಟ್ಸ್‌ಮತ್
ಏಪ್ರಿಲ್ ೯, ೨೦೧೯

ಮಗಳೇ,

ಓರೆಲಿ ಎದುರಿಗೆ ಕೂತು ಬರೆಸುತ್ತಿದ್ದಾಳೆ. ಬರೆದು ಮುಗಿಸುವವರೆಗೆ ಏಳುವುದಿಲ್ಲವಂತೆ.

ನಿನ್ನ ಅಪ್ಪ ಆಲ್ಫಿಯಸ್ ದೋಣಿಯ ಸಮೇತ ಗ್ವಾಡೆಲೂಪ್ ಕಡೆಯ ಜಲಸಂಧಿಯಲ್ಲಿ ಮುಳುಗಿ ಹೋದದ್ದು ನಿನಗೆ ಗೊತ್ತು. ಅದು ೧೯೯೪ರ ಅಕ್ಟೋಬರ್. ಆ ಒಂದು ಪಯಣಕ್ಕೆ ಮಾತ್ರ ನಾನು ಹೋಗಿರಲಿಲ್ಲ, ನೀನು ಹೊಟ್ಟೆಯಲ್ಲಿದ್ದೆ. ಜನವರಿಯಲ್ಲಿ ನೀನು ಹುಟ್ಟಿದೆ. ಏಪ್ರಿಲ್‌ನಲ್ಲಿ ನಾನು ಮತ್ತೆ ದೋಣಿ ಹತ್ತಿದೆ, ಬೇರೆಯವರದು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನಿನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದೆ. ಸೇಂಟ್ ಜಾನ್ಸಿನಲ್ಲಿ ಆರ್ಡೆಲ್ಲಾ ನಿನ್ನನ್ನು ನೋಡಿಕೊಳ್ಳುತ್ತಿದ್ದಳು, ನಾನು ಮಾರುತ್ತಿದ್ದೆ. ಅವರು ಯಾರೂ ನನಗೆ ನೆಂಟರಲ್ಲ. ನಾನು ತಂದ ಗಡ್ಡೆ ಅವರು ಮಾರುತ್ತಿದ್ದರು, ಅವರ ಈರುಳ್ಳಿ ನಾನು ಇಲ್ಲಿಗೆ ತರುತ್ತಿದ್ದೆ. ಒಂದು ಕಾಗದಕ್ಕೂ ಯಾರೂ ಸಹಿ ಹಾಕಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ನಿನಗೆ ಜ್ವರ ಬಂತು. ಎಂಟು ತಿಂಗಳ ಕೂಸು, ಮೈ ಕೆಂಡ. ದೋಣಿ ಹೊರಡುವ ಹೊತ್ತು. ಇಲ್ಲಿ ದಂಡೆಯ ಮೇಲೆ ಮೂವತ್ತು ಮನೆಯ ಸರಕು ನನ್ನನ್ನು ನಂಬಿ ಕಾಯುತ್ತಿತ್ತು. ಆರ್ಡೆಲ್ಲಾ ಹೇಳಿದಳು, "ಈ ಮೈಯಲ್ಲಿ ಮಗೂನ ಸಮುದ್ರಕ್ಕೆ ಒಯ್ಯಬೇಡ. ಇಲ್ಲಿರ್ಲಿ. ನಾಕು ದಿನದಲ್ಲಿ ಬರ್ತೀಯಲ್ಲ." ನಾನು ಉಳಿಯಬಹುದಿತ್ತು. ಉಳಿಯಲಿಲ್ಲ. ನಾನು ಗಡ್ಡೆಯನ್ನು ಆರಿಸಿದೆ ಮರ್ನೆಲ್.

ನಾನು ಬಂದ ಎರಡನೆಯ ದಿನಕ್ಕೆ ಚಂಡಮಾರುತ ಬಂತು. ಅದು ಹೋದ ಹತ್ತು ದಿನಕ್ಕೆ ಇನ್ನೊಂದು. ಸಮುದ್ರ ಮುಚ್ಚಿತು, ಫೋನು ಸತ್ತಿತು. ಆಂಟಿಗುವಾದಲ್ಲಿ ಚಾವಣಿಗಳೆಲ್ಲ ಹಾರಿಹೋಗಿವೆ ಎಂದು ರೇಡಿಯೋ ಹೇಳುತ್ತಿತ್ತು. ಇಪ್ಪತ್ತೆರಡು ದಿನ ನಾನು ದಂಡೆಯಲ್ಲೇ ಕೂತಿದ್ದೆ, ಓರೆಲಿಯನ್ನು ಕೇಳು. ಮೊದಲ ದೋಣಿಗೆ ಹೋದೆ. ಮಾರುಕಟ್ಟೆಗೆ ಚಾವಣಿಯೇ ಇರಲಿಲ್ಲ. ಒಂದು ನೀಲಿ ಟಾರ್ಪಾಲಿನ ಕೆಳಗೆ ಆರ್ಡೆಲ್ಲಾ ಸೊಪ್ಪು ಮಾರುತ್ತಾ ಕೂತಿದ್ದಳು. ನೀನು ಅವಳ ತೊಡೆಯ ಮೇಲಿದ್ದೆ. ಮೈಕೈ ತುಂಬಿಕೊಂಡಿದ್ದೆ. ಒಂದು ಹಲ್ಲು ಬಂದಿತ್ತು. ನಾನು ಕೈ ಚಾಚಿದೆ. ನೀನು ನನ್ನನ್ನು ನೋಡಿ ಕಿರುಚಿ ಅತ್ತು ಅವಳ ಕುತ್ತಿಗೆ ತಬ್ಬಿಕೊಂಡೆ.

ನಿನ್ನನ್ನು ಕಿತ್ತುಕೊಂಡು ಬಂದೆ. ಅವರಿಗೆ ಒಂದು ಮಾತು ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ. ಆವತ್ತಿನಿಂದ ದೋಣಿ ಹತ್ತಲಿಲ್ಲ.

ಬರೆದಿದ್ದೇನೆ. ಓರೆಲಿ ಎದ್ದು ಹೋದಳು.
ಅಮ್ಮ


ಸೇಂಟ್ ಜಾನ್ಸ್
ಮೇ ೫, ೨೦೧೯

ಅಮ್ಮಾ,

ನಿನ್ನ ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ಮೂರು ವಾರ ಓಡಾಡಿದೆ. ಏನು ಬರೆಯಬೇಕೆಂದು ತಿಳಿಯದೆ ಕೊನೆಗೆ ಅದನ್ನು ಆರ್ಡೆಲ್ಲಾಳಿಗೆ ಓದಿ ಹೇಳಿದೆ. ತಪ್ಪಾಗಿದ್ದರೆ ಬಯ್ಯಿ.

ಅವಳು ಆ ಇಪ್ಪತ್ತೆರಡು ದಿನದ ಕಥೆ ಹೇಳಿದಳು. ಮೊದಲ ಗಾಳಿಗೇ ಅವಳ ಮನೆ ಹೋಯಿತಂತೆ. ನನ್ನನ್ನು ಒಂದು ಬಟ್ಟೆಯಲ್ಲಿ ಮೈಗೆ ಕಟ್ಟಿಕೊಂಡು ಇನ್ನೊಬ್ಬಳ ಮನೆಗೆ ಓಡಿದಳು. ಆ ಮನೆ ಹೋದಾಗ ಮತ್ತೊಬ್ಬಳದು. ಮಾಂಟ್ಸೆರಾಟ್‌ನ ಅಗ್ನಿಪರ್ವತಕ್ಕೆ ಹೆದರಿ ಆಗಷ್ಟೇ ಓಡಿಬಂದ ಬಾಣಂತಿಯೊಬ್ಬಳು ತನ್ನ ಕೂಸಿನ ಜೊತೆಗೆ ನನಗೂ ಹಾಲೂಡಿಸಿದಳು. ಗಯಾನಾದವಳು ಒದ್ದೆ ಬಟ್ಟೆ ಹಾಕಿ ಜ್ವರ ಇಳಿಸಿದಳು. ಸೇಂಟ್ ಕಿಟ್ಸ್‌ನವಳು ಬಿದ್ದ ಮರಗಳ ನಡುವೆ ಎಳನೀರು ಹುಡುಕಿ ತಂದಳು. ಎಷ್ಟು ದೇಶ ಎಂದು ನಾನು ಬೆರಳು ಮಡಿಸುತ್ತಾ ಹೋದೆ, ಆಮೇಲೆ ಕೈಬಿಟ್ಟೆ. ಅಮ್ಮಾ, ನಾನು ಬದುಕಿರುವುದು ಎಷ್ಟು ಜನರ ಕೈಯಿಂದ ಎಂದು ನೆನೆದರೆ ಮಾರುಕಟ್ಟೆಯ ನೆಲದ ಮೇಲೆ ಚಪ್ಪಲಿ ಹಾಕಿ ನಡೆಯಲು ಸಂಕೋಚವಾಗುತ್ತದೆ. ಇದೇ ಹೆಂಗಸರಿಗೆ ನಾನು ಸಹಕಾರ ಎಂದರೇನೆಂದು ಹೇಳಿಕೊಡಲು ಹೋಗಿದ್ದೆ.

ಇನ್ನೊಂದು ಮಾತು. ಅವಳು ಹೇಳಿದ ಹಾಗೇ ಬರೆಯುತ್ತೇನೆ. "ಅವಳಿಗೆ ಬರಿ. ಆ ಇಪ್ಪತ್ತೆರಡು ದಿನ ಈ ಮಗು ಒಂದ್ಸಲಾನೂ ಅಳ್ಲಿಲ್ಲ. ಜ್ವರದಲ್ಲೂ ಅಳ್ಲಿಲ್ಲ, ಮಾಡು ಹಾರಿದಾಗ್ಲೂ ಅಳ್ಲಿಲ್ಲ. ಸುಮ್ನೆ ಬಾಗಿಲು ನೋಡ್ತಿತ್ತು. ನಮಗೆ ಅದೇ ಭಯ ಆಗಿತ್ತು. ಅಮ್ಮನ ಮುಖ ಕಂಡ ಮೇಲೇ ಬಾಯಿಬಿಟ್ಟು ಅತ್ತಿದ್ದು. ಗುರುತು ಸಿಗದವರನ್ನ ಕಂಡು ಯಾವ ಮಗೂನೂ ಹಾಗೆ ಅಳಲ್ಲ."

ಗಡ್ಡೆಯನ್ನು ಆರಿಸಿದೆ ಎಂದು ನೀನು ಬರೆದೆ. ಮೂವತ್ತು ಮನೆ ಎಂದೂ ಬರೆದೆ. ಇವತ್ತು ನಮಗೆ ಸರಕು ಕೊಡುತ್ತಿರುವುದು ಅವೇ ಮನೆಗಳು. ಅವರು ನನ್ನ ಮುಖ ನೋಡಿ ಕೊಡುತ್ತಿಲ್ಲ.

ಹೋಟೆಲಿನವರು ಗಡ್ಡೆಗೆ ಒಂದು ವರ್ಷದ ಮಟ್ಟಿಗೆ ಒಪ್ಪಿದರು. ಶುಂಠಿಗೆ ಇನ್ನೂ ಒಪ್ಪಿಲ್ಲ, ಜಾವೆಲ್‌ನ ಅಪ್ಪ ಕಾಯಬೇಕು. ನಾವು ಮೂವರೂ ಮಾರುಕಟ್ಟೆಗೆ ಹೋಗಿ ಈ ಹೆಂಗಸರನ್ನು ಕಂಪೆನಿಯಲ್ಲಿ ಪಾಲುದಾರರಾಗಲು ಕೇಳಿದೆವು. ಜಾವೆಲ್ ಟೋಪಿ ಕೈಯಲ್ಲಿ ಹಿಡಿದು, ತನಗೆ ಕೆಲಸ ಕಲಿಸಬೇಕು ಎಂದ. ಆರ್ಡೆಲ್ಲಾ, "ಕಲಿಸ್ತೀವಿ. ಮೊದ್ಲು ಆ ಮೆಷೀನ್ ಮಾರು" ಎಂದಳು. ಓರೆಲಿಯ ಪ್ರಶ್ನೆಗೆ ಈಗ ಉತ್ತರವಿದೆ. ಸೆಫಿರಿನ್ ನಡೆಸಲಿರುವ, ನಾವು ಗೊತ್ತುಮಾಡಿದ ಹೊಸ ದೋಣಿಯಲ್ಲಿ ತಂಪುಕೋಣೆಯ ಪಕ್ಕದಲ್ಲಿ, ನೆರಳಿನಲ್ಲಿ, ಬೆನ್ನಿಗೆ ಒರಗು ಇರುವ ಒಂಬತ್ತು ಆಸನಗಳಿವೆ. ಸರಕು ಕೊಳ್ಳುವವರೂ ಮಾರುವವರೂ ಅವರೇ. ಬರೆದುಕೊಳ್ಳುವುದು ನಾವು.

ಹತ್ತನೆಯದೊಂದು ಆಸನ ಹಾಕಿಸಿದ್ದೇನೆ. ಜೂನ್ ಹದಿಮೂರಕ್ಕೆ ದೋಣಿ ಪೋರ್ಟ್ಸ್‌ಮತ್‌ನಿಂದ ಮೊದಲ ಸಲ ಹೊರಡುತ್ತದೆ. ಬಾ ಎಂದು ಒತ್ತಾಯಿಸುವುದಿಲ್ಲ.

ಇಲ್ಲಿಯ ಎಲ್ಲರ ಪರವಾಗಿ
ನಿನ್ನ ಮರ್ನೆಲ್


ದೋಣಿಯ ಮೇಲೆ
ಜೂನ್ ೧೪, ೨೦೧೯, ಬೆಳಿಗ್ಗೆ

ಮಗಳೇ,

ಈ ಪತ್ರವನ್ನು ನಾನೇ ತರುತ್ತಿದ್ದೇನೆ. ಎದುರಿಗೆ ನಿಂತರೆ ಮಾತು ಹೊರಡುವುದಿಲ್ಲ, ನನಗೆ ಗೊತ್ತು. ಅದಕ್ಕೆ ಬರೆದು ಕೈಯಲ್ಲಿಡುತ್ತೇನೆ.

ನಿನ್ನೆ ಸಂಜೆಯ ಬೆಳಕಿನಲ್ಲಿ ಜಲಸಂಧಿ ದಾಟಿದೆವು. ನಿನ್ನ ಅಪ್ಪ ಹೋದ ಜಾಗ ಬಂದಾಗ ಯಾರೂ ಹೇಳದೆ ಸೆಫಿರಿನ್ ಎಂಜಿನ್ ನಿಲ್ಲಿಸಿದ. ನಿನ್ನ ಲೂಸೆಟ್, ಆಗ ಹುಟ್ಟೇ ಇರದ ಹುಡುಗಿ, ಎದ್ದು ನಿಂತಳು. ಅವಳನ್ನು ನೋಡಿ ಎಲ್ಲರೂ ನಿಂತರು. ಆಗ ಒಂದು ತಿಮಿಂಗಿಲ ದೋಣಿಯ ಪಕ್ಕದಲ್ಲೇ ಮೇಲಕ್ಕೆ ಬಂತು. ನಮ್ಮ ದೋಣಿಯಷ್ಟೇ ಉದ್ದ. ಒಂದು ಉಸಿರು ಬಿಟ್ಟು, ನಮ್ಮನ್ನು ಲೆಕ್ಕಕ್ಕೇ ಇಡದೆ, ನಿಧಾನವಾಗಿ ಒಳಗೆ ಹೋಯಿತು. ಒಂಬತ್ತು ವರ್ಷ ಓಡಾಡಿದಾಗಲೂ ಅಷ್ಟು ಹತ್ತಿರ ನೋಡಿರಲಿಲ್ಲ. ಓರೆಲಿ ನನ್ನ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಈಗ ಬೆಳಕು ಹರಿದಿದೆ. ಹಿಂದೆ ಗ್ವಾಡೆಲೂಪ್‌ನ ಬೆಟ್ಟ, ಎಡಕ್ಕೆ ಮಾಂಟ್ಸೆರಾಟ್ ಹೊಗೆಯಾಡುತ್ತಿದೆ, ಮುಂದೆ ನಿಮ್ಮ ಚಪ್ಪಟೆ ಆಂಟಿಗುವಾ. ಆಗ ನಾನು ಇವನ್ನು ನೋಡುತ್ತಿರಲಿಲ್ಲ. ಮೂಟೆ ಒದ್ದೆಯಾಗದಿರಲಿ, ಮಗು ಏಳದಿರಲಿ, ಅಷ್ಟೇ. ಇಷ್ಟು ದೊಡ್ಡದರ ಮೇಲೆ ನಾವು ಓಡಾಡುತ್ತಿದ್ದೆವೇ ಎಂದು ಇವತ್ತು ಬೆರಗಾಗಿ ಕೂತಿದ್ದೇನೆ. ನಿನ್ನ ಆಸನ ಮೆತ್ತಗಿದೆ.

ದಡ ಕಾಣುತ್ತಿದೆ. ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದಾರೆ. ಹುಲ್ಲಿನ ಟೋಪಿಯೊಂದು ಎಲ್ಲರಿಗಿಂತ ಮುಂದಿದೆ. ಅವಳು ನನ್ನ ಹೆಸರು ಕೂಗುತ್ತಿದ್ದಾಳೆ, ದನಿ ಬದಲಾಗಿಲ್ಲ. ಮೊದಲು ಅವಳ ಹತ್ತಿರ ಹೋಗುತ್ತೇನೆ ಮಗಳೇ, ಬೇಸರಪಡಬೇಡ. ಅವಳಿಗೆ ಹೇಳಬೇಕಾದ ಮಾತು ನಿನ್ನ ಮೊದಲ ಹಲ್ಲಿನಷ್ಟು ಹಳೆಯದು.

ಹಲಗೆ ಹಾಕುತ್ತಿದ್ದಾರೆ. ಕಾಲಿಗೆ ಅಭ್ಯಾಸ ತಪ್ಪಿದೆ. ಇಳಿಯುವಾಗ ಕೈ ಕೊಡು.

ಯುಡೋಕ್ಸಿಯಾ ವಾಲ್ಮಂಡ್
ನಿನ್ನ ಅಮ್ಮ